ಹೊನ್ನನ ದೀರ್ಘ, ಭಟನ ಸ್ವರ

"ಹೊನ್ನನನ್ನು ಕೂಗಿ ಕರೆಯಿರಿ, ಮದುಮಗನೂ ಜೊತೆಗಿರಲಿ, ಶರಾವತಿ ಕಡಲು ಸೇರುವ ಊರು (4)." ಉತ್ತರ ಹೊನ್ನಾವರ. ಕೂಗಿ ಕರೆದಾಗ ಹೊನ್ನ 'ಹೊನ್ನಾ' ಆಗುತ್ತಾನೆ, ಮದುಮಗ 'ವರ'. ಇದನ್ನೇ "ಚಿನ್ನ, ಮದುಮಗ" ಎಂದು ಬರೆದಿದ್ದರೆ ಆ ದೀರ್ಘ ಎಲ್ಲಿಂದ ಬಂತೆಂದು ಹೇಳಲಾಗದು. ಪದಬಂಧದ ಸುಳಿವಿನ ಪ್ರಾಮಾಣಿಕತೆ ಇಂಥ ಒಂದು ದೀರ್ಘದಲ್ಲಿರುತ್ತದೆ.

1913ರಲ್ಲಿ ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಆರಂಭಿಸಿದ ಪದಬಂಧ ಶ್ಲೇಷೆ ಕಲಿತದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಕ್ಸಿಮೆನೆಸ್ ಎಂಬ ಅಂಕಿತದ ಪದಬಂಧಕಾರ ಡಿ.ಎಸ್. ಮ್ಯಾಕ್‌ನಟ್ 1966ರ ಪುಸ್ತಕದಲ್ಲಿ ಅದಕ್ಕೆ ಕಟ್ಟಳೆ ಹಾಕಿಕೊಟ್ಟರು: ಸುಳಿವಿನಲ್ಲಿ ಅರ್ಥವೂ ಇರಬೇಕು, ಪದದ ಆಟವೂ ಇರಬೇಕು, ಎರಡೂ ಒಂದೇ ಉತ್ತರ ಮುಟ್ಟಬೇಕು. ನಮ್ಮ ಪದಬಂಧಗಳು ಬಹುಮಟ್ಟಿಗೆ ಅರ್ಥದಲ್ಲೇ ನಿಲ್ಲುತ್ತವೆ. ಆಟವೆಂದರೆ 'ಹಿಂದುಮುಂದಾಗಿದೆ' ಎಂಬ ಷರಾ. ಅದು ಸಾಲದು. "ಆನೆ ತಿರುಗಿ ನಿಂತರೆ ಲೋಕವೇ ಕಾಣುತ್ತದೆ (2)" ಎನ್ನಿ: ಗಜ ತಿರುಗಿ ಜಗ. ಷರಾ ವಾಕ್ಯದೊಳಗೇ ಕರಗಿದೆ.

"ಪಾಪ ಕಳೆಯುವವಳು ಕುಮಟೆಯ ಬಳಿ ಕಡಲಿಗಿಳಿಯುತ್ತಾಳೆ (5)." ಅಘನಾಶಿನಿ. ಓದಲು ಚೆಂದ, ಆದರೆ ದಾರಿ ತಪ್ಪಿಸುವುದೇ ಇಲ್ಲ. ಹೆಸರನ್ನು ಬಿಡಿಸಿ ಹೇಳಿತು, ಅಷ್ಟೆ. "ಕೆರೆಮನೆ ಮೇಳದ ನೆಲೆಯಲ್ಲೊಬ್ಬ ಸುಶೀಲೆ (4)" ಎಂಬುದು ನಿಜವಾಗಿ ಕಾಡುತ್ತದೆ. ಯಕ್ಷಗಾನ ನೋಡಿದವರ ಮನಸ್ಸು ನೇರ ರಂಗಕ್ಕೆ ಹೋಗುತ್ತದೆ. ದಮಯಂತಿ! ನಾಲ್ಕು ಚೌಕಕ್ಕೂ ಹೊಂದುತ್ತಾಳೆ, ಮೂರನೆಯದರಲ್ಲಿ ಅನುಸ್ವಾರವೂ ಇದೆ. ಉತ್ತರ ಮಾತ್ರ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ, ಹೊನ್ನಾವರ ತಾಲ್ಲೂಕಿನ ಊರು. ಯಕ್ಷಗಾನದ ವೇಷವಿಲ್ಲದ, ಮಾತೇ ಮುಖ್ಯವಾದ ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿ ಮಾಡುವುದೂ ಇದನ್ನೇ: ಎದುರಾಳಿಯ ಮಾತನ್ನೇ ಹಿಡಿದು ಅವನು ಎಣಿಸದ ಅರ್ಥ ಹೊರಡಿಸುತ್ತಾನೆ. ಎದುರಾಳಿ ಒಪ್ಪಲೇಬೇಕು, ಏಕೆಂದರೆ ಮಾತು ಅವನದೇ.

ಭಟ್ಕಳಕ್ಕೆ ಸುಳಿವು ಕಟ್ಟುವುದು ಕಠಿಣ. ಭಟ, ಕಳ ಎರಡೂ ಕಿವಿಗೆ ಕೇಳುತ್ತವೆ, ಆದರೆ ಕನ್ನಡದ ಚೌಕದಲ್ಲಿ 'ಟ್ಕ' ಒಂದೇ ಮನೆ. ಹಾಗಾಗಿ "ಯೋಧ ರಣಭೂಮಿಗೆ ಬಂದ" ಎಂದಷ್ಟೇ ಬರೆಯುವುದು ಮೋಸ. "ಕೊನೆಗೆ ಸ್ವರ ಕಳೆದುಕೊಂಡ ಯೋಧ ರಣಭೂಮಿ ಸೇರಿದರೆ ಬಂದರು (3)" ಎಂದರೆ ನ್ಯಾಯ: ಭಟನ ಕೊನೆಯ 'ಅ' ಹೋಗಿ ಭಟ್ ಆಯಿತು. ಲೋಪಸಂಧಿ ಓದಿದ ಹೈಸ್ಕೂಲು ಮಕ್ಕಳು ಇದನ್ನು ಬಿಡಿಸಬಲ್ಲರು. 1604ರಲ್ಲಿ 'ಕರ್ಣಾಟಕ ಶಬ್ದಾನುಶಾಸನ' ಎಂಬ ವ್ಯಾಕರಣ ಬರೆದ ಭಟ್ಟಾಕಳಂಕದೇವ ಇದೇ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಮಠದ ಪರಂಪರೆಯವರು. ಅಕ್ಷರ ಹೋಗುವ, ಬರುವ ಲೆಕ್ಕ ಈ ನೆಲಕ್ಕೆ ಹೊಸದಲ್ಲ. ಇಂಥ ಸುಳಿವು ಹಾಕುವ ಪತ್ರಿಕೆ ಮರುದಿನ ಬರೀ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಾರದು. ಯಾವ ಅಕ್ಷರ ಎಲ್ಲಿಂದ ಬಂತು ಎಂಬುದನ್ನೂ ಅಚ್ಚು ಹಾಕಬೇಕು.