ಸಿಡಿಐ ಪೆಟ್ಟಿಗೆಗೆ ತಕ್ಕ ಜಾಗ

ದೂರದ ಪ್ರಯಾಣಕ್ಕೆಂದು ಜತನದಿಂದ ಕಾಪಾಡಿಕೊಂಡು ಬಂದ ಹಳೆಯ ಮೋಟಾರ್‌ಸೈಕಲ್ ದಾರಿಯಲ್ಲಿ ಕೈಕೊಟ್ಟಾಗ, ವಿಚಾರಣೆಯೇ ಇಲ್ಲದೆ ಅಪರಾಧಿ ಎನಿಸಿಕೊಳ್ಳುವ ಭಾಗ ಸಿಡಿಐ ಪೆಟ್ಟಿಗೆ. ಸಿಲಿಂಡರಿನೊಳಗೆ ಕಿಡಿ ಯಾವ ಕ್ಷಣಕ್ಕೆ ಹಾರಬೇಕೆಂಬುದನ್ನು ನಿರ್ಧರಿಸುವ ಈ ಎಲೆಕ್ಟ್ರಾನಿಕ್ ಘಟಕವನ್ನು ತಯಾರಕರು ಗಟ್ಟಿಯಾದ ಕಪ್ಪು ಎಪಾಕ್ಸಿಯಲ್ಲಿ ಹುದುಗಿಸಿ ಮುಚ್ಚಿರುತ್ತಾರೆ. ಬಿಚ್ಚಿ ನೋಡಲು ಬಾರದ ವಸ್ತುವಿನ ಮೇಲೆ ಅನುಮಾನ ಹೊರಿಸುವುದು ಸುಲಭವಾದ್ದರಿಂದ ಹೊಸ ಪೆಟ್ಟಿಗೆ ಬರುತ್ತದೆ, ಕೆಲವು ದಿನ ಗಾಡಿ ಚೆನ್ನಾಗಿಯೇ ಓಡುತ್ತದೆ, ಮೊದಲ ಜಡಿಮಳೆಗೆ ಅದೇ ಕಾಯಿಲೆ ಮರುಕಳಿಸುತ್ತದೆ. ಪೆಟ್ಟಿಗೆ ನಿಜಕ್ಕೂ ಕೆಟ್ಟಿದೆಯೇ, ಕೆಟ್ಟಿದ್ದರೆ ಯಾವ ಜಾಗದಲ್ಲಿ ಕುಳಿತು ಕೆಟ್ಟಿತು ಎಂಬ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳದೆ ಮಾಡುವ ರಿಪೇರಿ ಹಣದ ಪೋಲು.

ಇಂಥ ಗಾಡಿಗಳನ್ನು ಇಟ್ಟುಕೊಂಡ ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಆಸಕ್ತರಿಗೆ ನೆರೆಹೊರೆಯೇ ದೊಡ್ಡ ಅನುಕೂಲ. ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯಾಗಲಿ, ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೆ ಹೆಸರಾದ ಎಸ್.ಪಿ. ರಸ್ತೆಯಾಗಲಿ ದೂರವಲ್ಲ, ಇನ್ನೊಂದು ದಿಕ್ಕಿಗೆ ಲಕ್ಕಸಂದ್ರ ದಾಟಿದರೆ ಸಿಗುವ ಆಡುಗೋಡಿಯಲ್ಲಿ, 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಊರಿಗೆಲ್ಲ ಪರಿಚಿತವಾದ ಮೈಕೋ, ದಶಕಗಳ ಕಾಲ ದೇಶದ ವಾಹನಗಳಿಗೆ ಸ್ಪಾರ್ಕ್ ಪ್ಲಗ್ ತಯಾರಿಸಿತು. ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ಗಿನ ಜೋಡಿಯನ್ನು 1902ರಲ್ಲಿ ಜಗತ್ತಿಗೆ ಕೊಟ್ಟ ಬಾಷ್ ಸಂಸ್ಥೆಯೇ ಮೈಕೋದ ಮೂಲ. ಇತ್ತ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, ಬಳಿಕ ಯೆಜ್ಡಿ ಹೆಸರಿನ ಗಾಡಿಗಳನ್ನು ಕಟ್ಟಿತು. ಅವುಗಳಲ್ಲಿ 1978ರಲ್ಲಿ ಬಂದ 250 ಸಿಸಿಯ ರೋಡ್‌ಕಿಂಗ್, ಘಟ್ಟ ಹತ್ತಿ ಇಳಿಯುವ ಸವಾರರ ಪ್ರೀತಿಯನ್ನು ಇಂದಿಗೂ ಉಳಿಸಿಕೊಂಡಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನಕ್ಕೆ ಬೆಂಗಳೂರಿನಲ್ಲಿ ಸೇರುವ ಗಾಡಿಗಳ ಸಾಲು ಇದಕ್ಕೆ ಸಾಕ್ಷಿ.

ಯೆಜ್ಡಿಯ ಹಿಂದಿನ ಮಾದರಿಗಳಲ್ಲಿದ್ದುದು ಬ್ಯಾಟರಿ, ಇಗ್ನಿಷನ್ ಕಾಯಿಲ್ ಮತ್ತು ಪಾಯಿಂಟ್‌ಗಳ ವ್ಯವಸ್ಥೆ. ಪಾಯಿಂಟ್ ಎಂದರೆ ಕ್ಯಾಮ್ ತಳ್ಳಿದಾಗ ತೆರೆದುಕೊಳ್ಳುವ ಪುಟ್ಟ ಲೋಹದ ಜೋಡಿ. ಅದು ತೆರೆದ ಕೂಡಲೇ ಕಾಯಿಲ್ಲಿನ ಪ್ರಾಥಮಿಕ ಸುತ್ತಿನಲ್ಲಿ ಹರಿಯುತ್ತಿದ್ದ ವಿದ್ಯುತ್ ಕಡಿದುಹೋಗಿ, ಕಾಂತಕ್ಷೇತ್ರ ಕುಸಿದು, ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಾಯಿಂಟ್‌ಗಳು ಸವೆಯುತ್ತವೆ, ಸುಡುತ್ತವೆ, ಅವುಗಳ ಅಂತರ ಬದಲಾದಂತೆ ಟೈಮಿಂಗೂ ಜಾರುತ್ತದೆ. ಸಿಡಿಐ ಈ ಕೆಲಸವನ್ನು ಬೇರೆಯೇ ರೀತಿಯಲ್ಲಿ ಮಾಡುತ್ತದೆ: ಮ್ಯಾಗ್ನೆಟ್ಟಿನ ಒಳಗಿನ ಸೋರ್ಸ್ ಕಾಯಿಲ್ ಹುಟ್ಟಿಸಿದ ನೂರಾರು ವೋಲ್ಟ್‌ಗಳನ್ನು ಡಯೋಡ್ ಮೂಲಕ ಒಂದು ಕೆಪಾಸಿಟರಿನಲ್ಲಿ ಶೇಖರಿಸಿ, ಪಿಕಪ್ ಕಾಯಿಲ್ ಸಂಕೇತ ಕೊಟ್ಟ ಕ್ಷಣದಲ್ಲಿ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚಿನ ಮೂಲಕ ಅದನ್ನೆಲ್ಲ ಒಮ್ಮೆಲೇ ಇಗ್ನಿಷನ್ ಕಾಯಿಲ್ಲಿಗೆ ಸುರಿಯುತ್ತದೆ. 1969ರ ಕವಾಸಾಕಿ ಎಚ್1 ಇದನ್ನು ರಸ್ತೆಯ ಮೋಟಾರ್‌ಸೈಕಲ್ಲಿಗೆ ತಂದ ಮೊದಲಿಗರ ಸಾಲಿನದು. ನಮ್ಮಲ್ಲಿ ಕೊನೆಯ ವರ್ಷಗಳ ಯೆಜ್ಡಿಗಳಿಗೆ ಸಿಡಿಐ ಬಂತು. ಹಳೆಯವಕ್ಕೆ ಮಾಲೀಕರೇ ಅದನ್ನು ಕೂರಿಸಿಕೊಂಡರು. ಟಿಸಿಐ ಎಂಬ ಇನ್ನೊಂದು ಬಗೆಯಲ್ಲಿ ಕೆಲಸ ಪಾಯಿಂಟ್‌ಗಳದೇ, ಆದರೆ ಅದನ್ನು ಮಾಡುವುದು ಟ್ರಾನ್ಸಿಸ್ಟರ್. ಈ ಎರಡರ ಕಾಯಿಲ್‌ಗಳನ್ನು ಅದಲುಬದಲು ಮಾಡಬಾರದು; ಒಂದಕ್ಕೆ ಹೊಂದುವ ಕಾಯಿಲ್ಲಿನ ರೋಧ ಇನ್ನೊಂದಕ್ಕೆ ಹೊಂದುವುದಿಲ್ಲ.

ಈಗ ತಪಾಸಣೆಯ ಮಾತು. ಗ್ಯಾರೇಜಿನಲ್ಲಿ "ಕರೆಂಟ್ ಬರ್ತಿಲ್ಲ" ಎಂಬ ದೂರು ಬಂದಾಗ ಪರೀಕ್ಷೆ ಪ್ಲಗ್ಗಿನಿಂದ ಶುರುವಾಗಿ ಹಿಂದಕ್ಕೆ ಸಾಗಬೇಕು, ಪೆಟ್ಟಿಗೆಯ ಸರದಿ ಕೊನೆಗೆ ಬರಬೇಕು. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ಭದ್ರವಾಗಿ ತಾಗಿರುವಂತೆ, ಆದರೆ ಪೆಟ್ರೋಲಿನ ಆವಿ ಹೊಮ್ಮುವ ಪ್ಲಗ್ ರಂಧ್ರದಿಂದ ದೂರವಿಟ್ಟು ಕಿಕ್ ಹೊಡೆಯಬೇಕು. ಪ್ಲಗ್ಗಿಗೆ ಅರ್ತ್ ಸಿಗದಂತೆ ಕಿಕ್ ಹೊಡೆದರೆ ಕಿಡಿ ದಾರಿ ಕಾಣದೆ ಕಾಯಿಲ್ಲಿನ ಅಥವಾ ಪೆಟ್ಟಿಗೆಯ ಒಳಗನ್ನೇ ಸೀಳಬಹುದು. ಕಿಡಿಯಿಲ್ಲದಿದ್ದರೆ ಪ್ಲಗ್ ಕ್ಯಾಪನ್ನು ವೈರಿನಿಂದ ತಿರುಗಿಸಿ ತೆಗೆದು ಅದರ ರೋಧವನ್ನು ಮೀಟರಿನಲ್ಲಿ ಅಳೆಯಬೇಕು. 5 ಕಿಲೊ ಓಮ್ ಇರಬೇಕಾದ ಕ್ಯಾಪು ಒಳಗೇ ಸುಟ್ಟು ಹತ್ತಾರು ಕಿಲೊ ಓಮ್ ತೋರಿಸುವುದು ಅಪರೂಪವಲ್ಲ.

ಇದಾದ ಮೇಲಿನ ಹೆಜ್ಜೆಯನ್ನು ಹೆಚ್ಚಿನವರು ಮರೆಯುತ್ತಾರೆ. ಬ್ಯಾಟರಿ ಬೇಡದೆ ಮ್ಯಾಗ್ನೆಟ್ಟಿನಿಂದಲೇ ನಡೆಯುವ ಸಿಡಿಐಯಲ್ಲಿ ಎಂಜಿನ್ನನ್ನು ನಿಲ್ಲಿಸುವುದು ವಿದ್ಯುತ್ತನ್ನು ಕಡಿದಲ್ಲ, ಕಿಲ್ ವೈರನ್ನು ಅರ್ತ್ ಮಾಡಿ. ಆದ್ದರಿಂದ ಹ್ಯಾಂಡಲ್ಲಿನ ಕುತ್ತಿಗೆಯ ಹತ್ತಿರ ಆ ವೈರಿನ ಹೊದಿಕೆ ಸವೆದು ಫ್ರೇಮಿಗೆ ತಾಗಿದರೆ, ಅಥವಾ ಕೀ ಸ್ವಿಚ್ಚಿನೊಳಗೆ ನೀರು ಇಳಿದರೆ, ಆರೋಗ್ಯವಾಗಿರುವ ಪೆಟ್ಟಿಗೆಯೂ ಸತ್ತಂತೆ ಕಾಣುತ್ತದೆ. ಆ ಒಂದು ವೈರನ್ನು ಪೆಟ್ಟಿಗೆಯಿಂದ ಬಿಡಿಸಿ ಮತ್ತೆ ಕಿಕ್ ಹೊಡೆದಾಗ ಕಿಡಿ ಮರಳಿದರೆ ಹೊಸ ಸಿಡಿಐಯ ಖರ್ಚು ಅಲ್ಲಿಗೇ ಉಳಿಯಿತು. ಆಗ ಕೀ ತಿರುಗಿಸಿದರೆ ಎಂಜಿನ್ ನಿಲ್ಲುವುದಿಲ್ಲವೆಂಬುದನ್ನು ನೆನಪಿಟ್ಟು, ಗೇರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿಸಬೇಕು.

ತಣ್ಣಗಿರುವಾಗ ಸಲೀಸಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಆರಿದ ಬಳಿಕ ಮತ್ತೆ ಏಳುವ ಗಾಡಿಯ ಕಾಯಿಲೆ ಬೇರೆಯದು. ಸೋರ್ಸ್ ಕಾಯಿಲ್, ಪಿಕಪ್ ಕಾಯಿಲ್‌ಗಳ ಕೂದಲೆಳೆಯಂಥ ತಂತಿ ಎಲ್ಲೋ ತುಂಡಾಗಿದ್ದು, ತಣ್ಣಗಿರುವಾಗ ತುದಿಗಳು ತಾಗಿಕೊಂಡಿದ್ದು, ಶಾಖಕ್ಕೆ ಹಿಗ್ಗಿದಾಗ ದೂರ ಸರಿಯುತ್ತವೆ. ಎಂಜಿನ್ ಕೈಕೊಟ್ಟ ಆ ಬಿಸಿಯಲ್ಲೇ ಕಪ್ಲರ್ ಬಿಚ್ಚಿ ರೋಧ ಅಳೆಯದೆ, ಮರುದಿನ ಬೆಳಿಗ್ಗೆ ಅಳೆದು ಎಲ್ಲವೂ ಸರಿಯಿದೆ ಎಂದು ತೀರ್ಮಾನಿಸಿದರೆ ತಪ್ಪು ಸಿಗುವುದೇ ಇಲ್ಲ. ಎಲ್ಲ ಕಾಯಿಲ್‌ಗಳೂ ಬಿಸಿಯಲ್ಲಿಯೂ ಸರಿಯಾದ ಅಳತೆ ತೋರಿಸಿ, ಅರ್ತ್ ಗಟ್ಟಿಯಾಗಿದ್ದು, ಕಿಲ್ ವೈರ್ ಬಿಡಿಸಿಯೂ ಕಿಡಿ ಬಾರದಿದ್ದರೆ ಮಾತ್ರ ಪೆಟ್ಟಿಗೆಯ ಮೇಲಿನ ಆರೋಪಕ್ಕೆ ಆಧಾರವಿದೆ. ಎಪಾಕ್ಸಿ ತುಂಬದ, ಮುಚ್ಚಳ ತೆರೆಯಬಲ್ಲ ಹಳೆಯ ಪೆಟ್ಟಿಗೆಗಳಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಭಾರವಾದ ಭಾಗಗಳ ಕಾಲುಗಳ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿರುವುದು ಕಾಣುತ್ತದೆ. ಹಳೆಯ ಬೆಸುಗೆಯನ್ನು ಹೀರಿ ತೆಗೆದು ಹೊಸದನ್ನು ಹರಿಸಿದರೆ ಎಷ್ಟೋ ಪೆಟ್ಟಿಗೆಗಳು ಬದುಕುತ್ತವೆ.

ಆ ಬಿರುಕಿಗೆ ಕಾರಣ ಜಾಗ. ಅಲುಗಾಟ, ಶಾಖ, ನೀರು ಈ ಮೂರೂ ಒಟ್ಟಿಗೆ ಸೇರುವ ಕಡೆ ಪೆಟ್ಟಿಗೆಯನ್ನು ಕೂರಿಸುವ ತಪ್ಪನ್ನು ದೊಡ್ಡ ಕಂಪನಿಗಳೂ ಮಾಡಿವೆ. 1983ರಲ್ಲಿ ಬಂದ ಯಮಹಾ ವೆಂಚರ್ ಎಂಬ 1200 ಸಿಸಿಯ ನಾಲ್ಕು ಸಿಲಿಂಡರಿನ ಪ್ರವಾಸಿ ಗಾಡಿಯಲ್ಲಿ ಟಿಸಿಐ ಘಟಕ ಬ್ಯಾಟರಿಯ ಕೆಳಗೆ ತೇವ ನಿಲ್ಲುವ ಮೂಲೆಯಲ್ಲಿ ಕೂತಿತ್ತು. ಅದರ ಮಾಲೀಕರು ಅದನ್ನು ಎತ್ತಿ ಏರ್ ಫಿಲ್ಟರ್ ಪೆಟ್ಟಿಗೆಯ ಮೇಲಕ್ಕೆ ಸ್ಥಳಾಂತರಿಸುವುದನ್ನು ರೂಢಿಯಾಗಿಯೇ ಮಾಡಿಕೊಂಡರು. ಇಲ್ಲಿ ಸಿಡಿಐ ಕೂರಿಸಿದ ಎಷ್ಟೋ ಹಳೆಯ ಗಾಡಿಗಳಲ್ಲಿ ಪೆಟ್ಟಿಗೆಯನ್ನು ಟ್ಯಾಂಕಿನಡಿ, ಸಿಲಿಂಡರಿನ ನೆತ್ತಿಯ ಮೇಲೆಯೇ, ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿರುತ್ತಾರೆ. ಗಾಳಿಯಿಂದ ತಣಿಯುವ ಎಂಜಿನ್ನಿನ ಬಿಸಿಯೆಲ್ಲ ಮೇಲೇರಿ ಅದಕ್ಕೆ ತಾಗುತ್ತದೆ, ಅದರಲ್ಲೂ ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ. ಸೀಟಿನ ಹಿಂಭಾಗದ ಅಡಿಯೂ ನಿರಪಾಯಕಾರಿಯಲ್ಲ, ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗೆ ಹಿಂದಿನ ಚಕ್ರ ಎರಚುವ ಕೆಸರು ನೀರು ಅಲ್ಲಿಗೆ ಕೆಳಗಿನಿಂದ ನುಗ್ಗುತ್ತದೆ. ಬದಿಯ ಟೂಲ್ ಬಾಕ್ಸಿನೊಳಗೆ, ತಳಕ್ಕೆ ತಾಗದಷ್ಟು ಎತ್ತರದಲ್ಲಿ ಇರುವ ಜಾಗವೇ ಹೆಚ್ಚು ಯೋಗ್ಯ.

ಸ್ಥಳಾಂತರದ ಕೆಲಸದಲ್ಲಿ ಪೆಟ್ಟಿಗೆಗಿಂತ ವೈರುಗಳಿಗೆ ಹೆಚ್ಚು ಗಮನ ಬೇಕು. ಪಿಕಪ್ ಕಾಯಿಲ್ಲಿನ ಸಂಕೇತ ಬಹಳ ದುರ್ಬಲವಾದುದರಿಂದ ಅದರ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದು, ಪ್ಲಗ್ ವೈರಿನಿಂದ ದೂರವಾಗಿ ಒಯ್ಯಬೇಕು. ಜೊತೆಯಲ್ಲೇ ಓಡಿಸಿದರೆ ಒಂದು ಕಿಡಿಯ ಗದ್ದಲ ಇನ್ನೊಂದು ಅಕಾಲಿಕ ಕಿಡಿಯನ್ನು ಹುಟ್ಟಿಸಿ ಎಂಜಿನ್ ಮಿಸ್ ಹೊಡೆಯುತ್ತದೆ. ಸೋರ್ಸ್ ಕಾಯಿಲ್ಲಿನ ವೈರಿನಲ್ಲಿ ನೂರಾರು ವೋಲ್ಟ್ ಇರುವುದರಿಂದ ಅದರ ಹೊದಿಕೆ ಹಳೆಯದಾಗಿರಕೂಡದು. ಉದ್ದ ಮಾಡಿದ ಕಡೆ ತಿರುಚಿ ಟೇಪ್ ಸುತ್ತುವ ಪದ್ಧತಿಯನ್ನು ಪೂರ್ತಿ ಬಿಟ್ಟು, ಬೆಸೆದು, ಶಾಖಕ್ಕೆ ಬಿಗಿಯುವ ಸ್ಲೀವ್ ಹಾಕಬೇಕು. ಕಪ್ಲರಿನ ಬಾಯಿ ಕೆಳಮುಖವಾಗಿರಬೇಕು. ವೈರು ಅದಕ್ಕಿಂತ ತಗ್ಗಿಗೆ ಇಳಿದು ಮತ್ತೆ ಮೇಲೇರಿದರೆ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಟಿಸಿಐಯಾದರೆ ಅದರ ಟ್ರಾನ್ಸಿಸ್ಟರ್ ತಾನೇ ಬಿಸಿಯಾಗುವುದರಿಂದ ಸ್ಪಂಜಿನಲ್ಲಿ ಸುತ್ತದೆ ಅಲ್ಯೂಮಿನಿಯಂ ತಗಡಿನ ಮೇಲೆ ಕೂರಿಸಿ, ತಗಡಿಗೆ ರಬ್ಬರ್ ಬುಷ್ ಕೊಡಬೇಕು.

ಅರ್ತ್ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪುನರುಜ್ಜೀವನಗೊಂಡ ಯೆಜ್ಡಿಗಳ ಫ್ರೇಮಿಗೆ ಈಗ ದಪ್ಪ ಪೌಡರ್ ಕೋಟಿಂಗ್ ಮಾಡಿಸುತ್ತಾರೆ, ನೋಡಲು ಬಲು ಅಂದ. ಆದರೆ ಅದು ವಿದ್ಯುತ್ತನ್ನು ತಡೆಯುವ ಪದರ. ಕಾರ್ಖಾನೆ ಫ್ರೇಮನ್ನೇ ನಂಬಿ ಬಿಟ್ಟಿದ್ದ ಅರ್ತ್ ಅಲ್ಲಿ ಕಡಿದುಹೋಗುತ್ತದೆ. ಪೆಟ್ಟಿಗೆಯಿಂದ, ಕಾಯಿಲ್ಲಿನಿಂದ ನೇರವಾಗಿ ಎಂಜಿನ್ ಕೇಸಿನ ಒಂದು ಬೋಲ್ಟಿಗೆ ಪ್ರತ್ಯೇಕ ವೈರ್ ಎಳೆದು, ಲಗ್ ಕೂರುವಷ್ಟು ಜಾಗದ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯುವುದೊಂದೇ ದಾರಿ.

ಕೆಲಸ ಮುಗಿದ ಮೇಲೆ ಸ್ಟ್ರೋಬ್ ಲೈಟ್ ಹಿಡಿದು ಟೈಮಿಂಗ್ ಪರಿಶೀಲಿಸಿ, ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲ್ಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಕತ್ತಲಲ್ಲಿ ಪ್ಲಗ್ ವೈರಿನ ಮೇಲೆ ನೀರು ಚಿಮುಕಿಸಿ ನೀಲಿ ಕಿಡಿ ಹರಿದಾಡುತ್ತದೆಯೇ ಎಂದು ನೋಡಬೇಕು. ಫ್ರೇಮಿಗೆ ಹೊಸ ರಂಧ್ರ ಕೊರೆಯದೆ ಇರುವ ಬೋಲ್ಟುಗಳನ್ನೇ ಬಳಸಿ ಬ್ರಾಕೆಟ್ ಮಾಡಿಸಿದರೆ ಗಾಡಿಯನ್ನು ಮುಂದೊಮ್ಮೆ ಮೂಲ ಸ್ಥಿತಿಗೆ ತರಬಹುದು. ಯಾವ ಬಣ್ಣದ ವೈರ್ ಯಾವುದಕ್ಕೆ ಸೇರುತ್ತದೆ ಎಂಬ ನಕ್ಷೆಯನ್ನು ಕನ್ನಡದಲ್ಲೇ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೂಲ್ ಬಾಕ್ಸಿನಲ್ಲಿ ಇಟ್ಟಿರಬೇಕು. ಸಕಲೇಶಪುರದ ಆಚೆಗೆ ಮಳೆಯಲ್ಲಿ ಗಾಡಿ ನಿಂತರೆ, ಆ ಪೆಟ್ಟಿಗೆಯನ್ನು ಹಿಂದೆಂದೂ ನೋಡಿರದ ಮೆಕ್ಯಾನಿಕ್ಕಿಗೂ ಕಿಲ್ ವೈರ್ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.