ಭಯ ಯಾರ ರೋಗ? ‘ಶರಪಂಜರ’ವನ್ನು ಕೇರಿಯಿಂದ ಓದಿದಾಗ

ತ್ರಿವೇಣಿಯವರ ಕಾದಂಬರಿ ಅಂದರೆ ನಮ್ಮ ಗೆಳೆಯರು ಮೂಗು ಮುರಿಯುತ್ತಾರೆ. ಹೊಟ್ಟೆ ತುಂಬಿದ ಮನೆಯ ಹೆಂಗಸರು ಮಧ್ಯಾಹ್ನ ಓದಿ ಕಣ್ಣೀರು ಹಾಕುವ ಪುಸ್ತಕ, ಅದರಲ್ಲಿ ನಮಗೇನಿದೆ ಅಂತ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದವನು. ‘ಶರಪಂಜರ’ ಓದಿದ ಮೇಲೆ ಈ ಮಾತನ್ನು ತಿದ್ದಿಕೊಳ್ಳಬೇಕು ಅನ್ನಿಸಿದೆ.

ತ್ರಿವೇಣಿ (1928–1963) ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಹುಚ್ಚು ಅಂದರೆ ದೆವ್ವ, ಗಾಳಿ, ಕರ್ಮ ಅಂತಿದ್ದ ಜನಕ್ಕೆ, ಅದು ಕಾಯಿಲೆ, ವಾಸಿಯಾಗುತ್ತೆ ಅಂತ ಕತೆಯ ಮೂಲಕ ಹೇಳಿದರು. ಕಾವೇರಿ ಮತ್ತು ಸತೀಶ ಪ್ರೀತಿಯಿಂದ ಬಾಳುತ್ತಿದ್ದ ಗಂಡಹೆಂಡಿರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕೆಡುತ್ತದೆ. ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಬರೀ ಪ್ರೇಮದ ಕತೆಯಾಗಿದ್ದರೆ ಇಲ್ಲಿಗೆ ಸುಖಾಂತ್ಯ. ತ್ರಿವೇಣಿ ನಿಜವಾದ ಕತೆಯನ್ನು ಶುರುಮಾಡುವುದೇ ಇಲ್ಲಿಂದ. ಮನೆಯವರು, ನೆರೆಹೊರೆಯವರು ಅವಳನ್ನು ಕಂಡರೆ ಹೆದರುತ್ತಾರೆ. ನಕ್ಕರೆ ಅನುಮಾನ, ಅತ್ತರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಗಂಡನ ಒಲವೂ ವಾಪಸ್ಸು ಬರೋದಿಲ್ಲ. ಚುಚ್ಚುಮಾತು, ಚುಚ್ಚುನೋಟಗಳ ನಡುವೆ ಕುಸಿದು ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿ ಜನ ಅತ್ತರು. ಅತ್ತವರು ಮನೆಗೆ ಹೋಗಿ, ಪಕ್ಕದ ಬೀದಿಯವಳನ್ನು ‘ಹುಚ್ಚಿ’ ಅಂತ ಕರೆಯೋದನ್ನು ಬಿಟ್ಟರೇ?

ಕಾದಂಬರಿ ಎತ್ತುವ ಪ್ರಶ್ನೆ ಇದು: ಕಾವೇರಿಯ ರೋಗಕ್ಕೆ ಮದ್ದು ಸಿಕ್ಕಿತು, ಅವಳನ್ನು ಕಂಡು ಹೆದರುವವರ ರೋಗಕ್ಕೆ ಮದ್ದೆಲ್ಲಿ?

ಈ ಹೆದರಿಕೆ ನಮಗೆ ಹೊಸದಲ್ಲ. 1901ರಲ್ಲಿ ಬಾಲಕ ಅಂಬೇಡ್ಕರ್ ತಂದೆಯನ್ನು ಕಾಣಲು ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿದರು. ಜೊತೆಯಲ್ಲಿ ಇನ್ನೂ ಕೆಲವು ಹುಡುಗರು. ಚೆನ್ನಾಗಿ ಉಟ್ಟು ತೊಟ್ಟಿದ್ದ ಮಕ್ಕಳು. ಜಾತಿ ಹೇಳಿದೊಡನೆ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಹೊಡೆದವರು ಮಕ್ಕಳು, ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ಇಲ್ಲಿ ರೋಗಿ ಯಾರು, ಮಕ್ಕಳೋ ಗಾಡಿಯವನೋ? ಮಡಿ, ಮೈಲಿಗೆ ಅಂತ ಶಾಸ್ತ್ರದ ಹೆಸರಿಟ್ಟುಕೊಂಡು ತಲೆಮಾರುಗಳಿಂದ ಸಾಕಿಕೊಂಡು ಬಂದ ಭಯ ಅದು. ಕಾವೇರಿಗೆ ಕಳಂಕ ಅಂಟಿದ್ದು ಕಾಯಿಲೆ ಬಂದ ಮೇಲೆ, ನಮ್ಮ ಮಕ್ಕಳಿಗೆ ಹುಟ್ಟುವಾಗಲೇ.

ಕಾದಂಬರಿಯ ಮಿತಿಯೂ ಇಲ್ಲೇ ಇದೆ. ಅದು ಮಧ್ಯಮವರ್ಗದ ಮನೆಯ ಹೊಸ್ತಿಲು ದಾಟೋದಿಲ್ಲ. ನಮ್ಮ ಕೇರಿಯಲ್ಲೂ ಒಬ್ಬಾಕೆ ಬಾಣಂತನದಲ್ಲಿ ಹೀಗೇ ಆಗಿದ್ದಳು. ಮೊದಲು ಬೇವಿನ ಸೊಪ್ಪಲ್ಲಿ ಹೊಡೆಸಿದರು, ಗುಡಿ ಮುಂದೆ ಕೂರಿಸಿದರು. ಬಹಳ ತಡವಾಗಿ ಆಸ್ಪತ್ರೆ ಕಂಡು, ಸರಿಹೋಗಿ ಬಂದಳು. ಆಮೇಲೆ ಕೊಯ್ಲಿಗೆ ಕರೆಯೋರಿಲ್ಲ. ‘ಆಯಮ್ಮನ ಕೈಗೆ ಕುಡ್ಲು ಕೊಟ್ಟು ಯಾರ್ ಸಾಯ್ತಾರೆ?’ ಅಂದರು. ಹಾಗಂದದ್ದು ಹೊಲದ ಯಜಮಾನರು ಮಾತ್ರ ಅಲ್ಲ, ಸಾಲಲ್ಲಿ ಕೊಯ್ಯೋಕೆ ನಿಂತ ನಮ್ಮ ಹೆಣ್ಣುಮಕ್ಕಳೂ ಅಂದರು. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಕಾವೇರಿಗೆ ಗಂಡನ ಪ್ರೀತಿ ತಪ್ಪಿತು, ಈಕೆಗೆ ಅಂದಂದಿನ ಕೂಲಿಯೂ ತಪ್ಪಿತು. ಇಂಥವಳ ಕತೆ ತ್ರಿವೇಣಿ ಬರೆಯಲಿಲ್ಲ ಅಂತ ದೂರುವ ನಾವು ಎಷ್ಟು ಬರೆದಿದ್ದೇವೆ? ದೂರ ಇಡಿಸಿಕೊಂಡ ನಾವೇ ಇನ್ನೊಬ್ಬಳನ್ನು ದೂರ ಇಟ್ಟೆವಲ್ಲ, ಇದನ್ನು ಯಾವ ಭಾಷಣದಲ್ಲಿ ಹೇಳಿದ್ದೇವೆ?

ಅಸ್ಪೃಶ್ಯತೆ ನಿಷೇಧಿಸಿದ ಸಂವಿಧಾನ 1950ರಲ್ಲಿ ಜಾರಿಗೆ ಬಂತು. ಮನೋರೋಗಿಗಳ ಹಕ್ಕು ಕಾಯುವ ಹೊಸ ಕಾನೂನು 2017ರಲ್ಲಿ ಬಂತು. ಕಾನೂನು ಬೇಕು, ಅದಕ್ಕಾಗಿ ಹೋರಾಡಬೇಕು. ಆದರೆ ಪಕ್ಕದಲ್ಲಿ ಕೂರಲು ಹಿಂಜರಿಯುವ ಮನಸ್ಸನ್ನು ತಿದ್ದುವ ಕೆಲಸ ಶಾಲೆಯಲ್ಲಿ, ಹೊಲದಲ್ಲಿ, ನಮ್ಮ ಸಂಘಟನೆಯ ಒಳಗೇ ಆಗಬೇಕು.

ಮೇಷ್ಟ್ರುಗಳಲ್ಲಿ ಒಂದು ಮಾತು. ತರಗತಿಯಲ್ಲಿ ಬೆವರಿ ನಡುಗುವ, ಮಾತು ತಡವರಿಸುವ ಮಗುವಿಗೆ ಉಳಿದವರು ಅಡ್ಡಹೆಸರು ಕಟ್ಟಿ ಕಾಡುತ್ತಾರೆ. ಅಂಥ ದಿನ ಪಾಠ ನಿಲ್ಲಿಸಿ ಕಾವೇರಿಯ ಕತೆ ಹೇಳಿ. ಆಮೇಲೆ ಮಸೂರಿನ ಗಾಡಿಯ ಕತೆ ಹೇಳಿ. ಎರಡೂ ಕೇಳಿದ ಮಕ್ಕಳಿಗೆ ಯಾರಿಗೆ ಮದ್ದು ಬೇಕು ಅಂತ ತಾನೇ ಗೊತ್ತಾಗುತ್ತೆ. ನಾವು ದೊಡ್ಡವರು ಆ ಮಕ್ಕಳಿಂದ ಕಲಿತರೆ, ಮುಂದಿನ ಸುಗ್ಗಿಗಾದರೂ ಆಕೆಯ ಕೈಗೆ ಕುಡ್ಲು ಕೊಟ್ಟೇವು.