ಕೇಳಿದ್ದಾಯಿತು, ಉತ್ತರ ಕೊಟ್ಟವರಾರು?

ರಾಯಚೂರು ಜಿಲ್ಲೆ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ ಮೊದಲ ಘಟಕ 1985ರಲ್ಲಿ ಶುರುವಾದಾಗ ಸುತ್ತಲಿನ ಹಳ್ಳಿಯವರ ಮಾತು ಕೇಳಬೇಕೆಂಬ ಕಾನೂನೇ ಇರಲಿಲ್ಲ. ಪರಿಸರ ಸಾರ್ವಜನಿಕ ಆಲಿಕೆ ಕಡ್ಡಾಯವಾದದ್ದು ಪರಿಸರ ಪರಿಣಾಮ ಅಧಿಸೂಚನೆಯ 1997ರ ತಿದ್ದುಪಡಿಯಿಂದ. ಇವತ್ತು ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನ ವೈಟಿಪಿಎಸ್‌ನಲ್ಲಿ 1,600 ಮೆಗಾವಾಟ್. ಕರೆಂಟು ನಾಡಿಗೆಲ್ಲ ಹೋಗುತ್ತದೆ, ಬೂದಿ ಇಲ್ಲೇ ಉಳಿಯುತ್ತದೆ.

ಈ ಆಲಿಕೆಯ ನಿಯಮ ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. 30 ದಿನ ಮೊದಲು ಪತ್ರಿಕಾ ಪ್ರಕಟಣೆ ಬೇಕು, ಸಭೆಗೆ ಜಿಲ್ಲಾಧಿಕಾರಿ ಇಲ್ಲವೇ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರ ಅಧ್ಯಕ್ಷತೆ ಬೇಕು, ಪೂರ್ತಿ ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಆದರೆ ಕೋರಂ ಬೇಕಿಲ್ಲ. ಹತ್ತೇ ಜನ ಬಂದರೂ ಆಲಿಕೆ ಆದಂತೆಯೇ. ಬಂದವರೆಲ್ಲ ಬೇಡವೆಂದರೂ ಯೋಜನೆ ನಿಲ್ಲಬೇಕೆಂದಿಲ್ಲ.

ಭಾಷೆಯ ತೊಡಕು ಬೇರೆ. ಕನ್ನಡದಲ್ಲಿ ಕೊಡಲೇಬೇಕಾದದ್ದು ಪರಿಸರ ಅಧ್ಯಯನ ವರದಿಯ ಸಾರಾಂಶವಷ್ಟೇ. ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಚಿಮಣಿಯಿಂದ ಎಷ್ಟು ಗಂಧಕದ ಹೊಗೆ ಏಳುತ್ತದೆ, ಬೂದಿಹೊಂಡದ ತಳಕ್ಕೆ ಏನು ಹಾಸುತ್ತಾರೆ ಎಂಬುದೆಲ್ಲ ಇರುವುದು ಇಂಗ್ಲಿಷಿನ ದಪ್ಪ ಸಂಪುಟದಲ್ಲಿ. ಹತ್ತಿ, ತೊಗರಿ ಬೆಳೆಯುವವನು ಅದನ್ನು ಓದಿ ಪ್ರಶ್ನೆ ಕೇಳಲಿ ಅನ್ನುವುದು ತಮಾಷೆಯೇ ಸರಿ. ಅಧ್ಯಯನದ ಗೆರೆ ಸಾಮಾನ್ಯವಾಗಿ 10 ಕಿ.ಮೀ.ಗೆ ನಿಲ್ಲುತ್ತದೆ. ಮಾನ್ವಿ ಕಡೆಯ ಕುರ್ಡಿಯಂಥ ಊರು ಯರಮರಸ್ ಲೆಕ್ಕದಲ್ಲಿ ಗೆರೆಯಾಚೆಗೇ ಬೀಳುತ್ತದೆ.

ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಹುಳುಕು ಸಭೆಯಲ್ಲಿಲ್ಲ, ನಡಾವಳಿಗೆ ಲಗತ್ತಿಸುವ ತಖ್ತೆಯಲ್ಲಿದೆ. ಒಂದು ಕಡೆ ಜನರ ಆಕ್ಷೇಪ, ಎದುರಿಗೆ ಕಂಪನಿಯ ಅಭಿಪ್ರಾಯ. ಬೂದಿ ಹೊಲಕ್ಕೆ ಬೀಳುತ್ತದೆ ಎಂದರೆ ‘ನಿಯಮಾನುಸಾರ ಕ್ರಮ ವಹಿಸಲಾಗುವುದು’ ಎಂಬ ಧಾಟಿಯ ಒಂದು ಸಾಲು ಬರೆದರೂ ಖಾನೆ ತುಂಬುತ್ತದೆ. ಕೇಳಿದವನನ್ನು ಮತ್ತೆ ಕರೆದು ಆ ಉತ್ತರ ಸಾಕೇ ಎಂದು ಯಾರೂ ವಿಚಾರಿಸುವುದಿಲ್ಲ.

ಹಾಗಾಗಿಯೇ ನಮ್ಮಲ್ಲಿ ಕೆಲಸವಾದದ್ದು ಹೆಚ್ಚಾಗಿ ಆಲಿಕೆಯ ಶಾಮಿಯಾನದ ಹೊರಗೆ. ಮೈಸೂರು ಜಿಲ್ಲೆಯ ಚಾಮಲಾಪುರದ ಕಲ್ಲಿದ್ದಲು ಸ್ಥಾವರ ಕೈಬಿಟ್ಟದ್ದು ರೈತರ ಹೋರಾಟದಿಂದ. ಉಡುಪಿಯ ಸ್ಥಾವರಕ್ಕೆ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರ ಹೊರಿಸಿದ್ದು ಹಸಿರು ನ್ಯಾಯಮಂಡಳಿ. ಅದೂ ಹಾನಿಯಾದ ಮೇಲೆ.

ಹಾಗಂತ ಸಭೆಗೆ ಹೋಗದಿರುವುದೂ ಸರಿಯಲ್ಲ. ನಡಾವಳಿಯನ್ನು ಪಂಚಾಯಿತಿ ಕಚೇರಿಯಲ್ಲಿ ಹಾಕಲೇಬೇಕು, ಅದರ ಮೇಲೆ ಯಾರು ಬೇಕಾದರೂ ಬರೆದು ಕಳಿಸಬಹುದು. ಕುರ್ಡಿಯವರೂ ಬರೆಯಬಹುದು. ನಿಮ್ಮ ಆಕ್ಷೇಪದ ಎದುರು ಏನು ಬರೆದಿದ್ದಾರೆ, ಮೊದಲು ಹೋಗಿ ಓದಿ.